ಮರದ ನೆಲ: ಯಾವುದನ್ನು ಒಪ್ಪಬೇಕು, ಯಾವುದಕ್ಕೆ ಜಗಳ ಆಡಬೇಕು

ಪ್ರಶ್ನೆ: ಹಾಲ್‌ಗೂ ಎರಡು ಕೋಣೆಗಳಿಗೂ ಹಾರ್ಡ್‌ವುಡ್ ನೆಲ ಹಾಕಿಸಬೇಕು ಎಂದಿದ್ದೇವೆ. ಅಂಗಡಿಯಲ್ಲಿ ತೋರಿಸಿದ ಓಕ್ ಸ್ಯಾಂಪಲ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. 25 ವರ್ಷ ವಾರಂಟಿ ಇದೆ, ಗೀರೇ ಬೀಳುವುದಿಲ್ಲ ಎಂದರು. ಆದರೆ ನನ್ನ ಗೆಳತಿಯ ಮನೆಯಲ್ಲಿ ಹಾಕಿಸಿ ವರ್ಷ ಕೂಡ ಆಗಿಲ್ಲ, ಹಲಗೆಗಳ ನಡುವೆ ಸಂದು ಬಿಟ್ಟಿದೆ, ಅಲ್ಲಲ್ಲಿ ತಗ್ಗು ಬಿದ್ದಿದೆ. ಮೋಸ ಹೋದೆ ಅನ್ನುತ್ತಾಳೆ. ಇಷ್ಟು ದುಡ್ಡು ಹಾಕಿದ ಮೇಲೆ ನಾನು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು?

ಉತ್ತರ: ನಿಮ್ಮ ಗೆಳತಿಗೆ ಮೋಸ ಆಗಿದೆಯೋ ಇಲ್ಲವೋ ಎಂದು ಕೂತಲ್ಲೇ ಹೇಳುವುದು ಕಷ್ಟ. ಅವರನ್ನು ಒಂದೇ ಮಾತು ಕೇಳಿ: ಆ ಸಂದು ಯಾವ ತಿಂಗಳಲ್ಲಿ ಕಾಣಿಸಿಕೊಂಡಿತು? ಗಾಳಿ ಒಣಗಿದ್ದ ದಿನಗಳಲ್ಲಿ ಬಿಟ್ಟು, ತೇವ ಏರಿದಾಗ ತಾನೇ ಮುಚ್ಚಿಕೊಂಡರೆ ಅದು ಮರದ ಗುಣ. ವರ್ಷವಿಡೀ ಹಾಗೇ ಬಾಯಿ ಬಿಟ್ಟುಕೊಂಡಿದ್ದರೆ ಎಲ್ಲೋ ಕೆಲಸ ಕೆಟ್ಟಿದೆ. ಒಂದು ದಿನ ಹೋಗಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ನಾನು ಮೊದಲು ನೆಲ ಹಾಕುತ್ತಿದ್ದೆ, ಈಗ ಜಾಸ್ತಿ ಹೊತ್ತು ಹಾಕಿದ ನೆಲದ ದೂರುಗಳನ್ನೇ ನೋಡುತ್ತೇನೆ. ಮೊಣಕಾಲೂರಿ ನೆಲಕ್ಕೆ ಮುಖ ಹತ್ತಿರ ತಂದು, ಟಾರ್ಚ್ ಹಿಡಿದು ನೋಡುವ ಕೆಲಸ. ಆ ದೂರುಗಳಲ್ಲಿ ದೊಡ್ಡ ಪಾಲು ಕೊಳ್ಳುವ ದಿನವೇ ಹುಟ್ಟಿದವು. ಕೊಂಡವರ ಮನಸ್ಸಿನಲ್ಲಿ ಇದ್ದದ್ದು ಟೈಲ್ಸ್. ಮನೆಗೆ ಬಂದದ್ದು ಮರ.

ಸಂದಿನ ವಿಷಯವನ್ನೇ ಮೊದಲು ಮುಗಿಸೋಣ, ಯಾಕೆಂದರೆ ಉಳಿದ ಅರ್ಧ ಸಂಗತಿಗಳು ಅದರಿಂದಲೇ ಬರುತ್ತವೆ.

ಮರ ಕತ್ತರಿಸಿ, ಒಣಗಿಸಿ, ಪಾಲಿಶ್ ಹಾಕಿದ ಮೇಲೂ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಬಿಡುತ್ತದೆ. ಪಾಲಿಶ್ ಅದನ್ನು ನಿಧಾನ ಮಾಡುತ್ತದೆ ಅಷ್ಟೆ, ನಿಲ್ಲಿಸುವುದಿಲ್ಲ. ಕೋಣೆಯ ಗಾಳಿಯಲ್ಲಿ ತೇವಾಂಶ ಶೇ. 30ರಷ್ಟಿದ್ದರೆ ಮರದೊಳಗಿನ ತೇವ ಸುಮಾರು ಶೇ. 6ಕ್ಕೆ ಬಂದು ನಿಲ್ಲುತ್ತದೆ. ಗಾಳಿಯದು ಶೇ. 55 ಆದರೆ ಮರದ್ದು ಶೇ. 10ರ ಹತ್ತಿರ. ತೇವ ಹೀರಿದಾಗ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹಾಗಾಗಿಯೇ ಸಂದುಗಳು ಯಾವಾಗಲೂ ಹಲಗೆಯ ಉದ್ದಕ್ಕೆ ಗೆರೆ ಎಳೆದ ಹಾಗೆ ಕಾಣುವುದು.

ಎಷ್ಟು ಕುಗ್ಗುತ್ತದೆ? ಒಂದು ಹಲಗೆ ತೆಗೆದುಕೊಂಡು ಲೆಕ್ಕ ಹಾಕೋಣ. ರೆಡ್ ಓಕ್, 125 ಮಿ.ಮೀ. ಅಗಲ, ಮಾಮೂಲಿಯಾಗಿ ಕೊಯ್ದದ್ದು. ಮರದ ತೇವ ಶೇಕಡಾ ಒಂದು ಅಂಶ ಇಳಿದರೆ ಈ ಹಲಗೆ ತನ್ನ ಅಗಲದ 0.00369 ಪಾಲು ಕುಗ್ಗುತ್ತದೆ. ಶೇ. 10ರಿಂದ 6ಕ್ಕೆ ಇಳಿದರೆ ನಾಲ್ಕು ಅಂಶ. 125ನ್ನು 4ರಿಂದ, ಆಮೇಲೆ 0.00369ರಿಂದ ಗುಣಿಸಿ. 1.85 ಮಿ.ಮೀ. ಬರುತ್ತದೆ. ಒಂದು ಹಲಗೆಗೆ ಹೆಚ್ಚು ಕಡಿಮೆ ಎರಡು ಮಿಲಿಮೀಟರ್! ಇದು ಕಾಗದದ ಲೆಕ್ಕ. ನಿಜವಾದ ನೆಲದಲ್ಲಿ ಮೊಳೆ, ಅಂಟು, ಪಾಲಿಶ್ ಎಲ್ಲ ಸೇರಿ ಇದನ್ನು ತಗ್ಗಿಸುತ್ತವೆ, ಮರದ ಒಳಭಾಗಕ್ಕೆ ತೇವದ ಏರಿಳಿತ ಪೂರ್ತಿ ತಲುಪುವುದೂ ಇಲ್ಲ. ಆದರೂ ಒಣ ತಿಂಗಳಲ್ಲಿ ನಾಣ್ಯ ಇಳಿಯುವಷ್ಟು ಸಂದು ಬಿಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ಈ ಲೆಕ್ಕ ಹೇಳುತ್ತದೆ.

ಅದೇ ಓಕ್, 57 ಮಿ.ಮೀ. ಅಗಲದ ಪಟ್ಟಿಯಾದರೆ? 0.84 ಮಿ.ಮೀ. ಇಡೀ ಕೋಣೆಯ ಒಟ್ಟು ಕುಗ್ಗುವಿಕೆ ಎರಡರಲ್ಲೂ ಒಂದೇ, ಆದರೆ ಅದು ಎರಡರಷ್ಟು ಸಂದುಗಳಿಗೆ ಹಂಚಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹಳೇ ಕಾಲದ ಸಣ್ಣ ಪಟ್ಟಿಯ ನೆಲಗಳು ಅಷ್ಟು ಅಚ್ಚುಕಟ್ಟಾಗಿ ಕಾಣುವ ಗುಟ್ಟು ಇದೇ. ಈಗ ಎಲ್ಲರಿಗೂ ಅಗಲ ಹಲಗೆ ಬೇಕು. ತೆಗೆದುಕೊಳ್ಳಿ, ಚೆನ್ನಾಗಿರುತ್ತದೆ. ಅಗಲದ ಜೊತೆ ಸಂದೂ ಬರುತ್ತದೆ ಅನ್ನುವುದು ಗೊತ್ತಿರಲಿ, ಅಷ್ಟೆ.

ಕೊಯ್ಯುವ ರೀತಿಯಿಂದಲೂ ವ್ಯತ್ಯಾಸ ಆಗುತ್ತದೆ. ಹಲಗೆಯ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಮರದ ವಯಸ್ಸಿನ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಅದು ಕ್ವಾರ್ಟರ್ ಸಾನ್. ನಗುವ ಬಾಯಿಯ ಹಾಗೆ ಬಾಗಿ ಮಲಗಿದ್ದರೆ ಪ್ಲೇನ್ ಸಾನ್. ರೆಡ್ ಓಕ್‌ನಲ್ಲಿ ಮೊದಲನೆಯದು ಎರಡನೆಯದರ ಅರ್ಧಕ್ಕಿಂತ ಕಡಿಮೆ ಕುಗ್ಗುತ್ತದೆ. ಬೆಲೆ ಜಾಸ್ತಿ, ಮರ ಜಾಸ್ತಿ ವ್ಯರ್ಥವಾಗುತ್ತದೆ, ಆದರೆ ನೆಲ ಶಾಂತವಾಗಿ ಮಲಗುತ್ತದೆ. ಜಾತಿಯ ಗುಣವೂ ಇದೆ: ತೇಗ ಓಕ್‌ನ ಅರ್ಧದಷ್ಟೇ ಅಲುಗುತ್ತದೆ, ಹಿಕರಿ ಓಕ್‌ಗಿಂತ ಜಾಸ್ತಿ ಕುಣಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನೀವು ಮಾಡಬೇಕಾದ ಮೊದಲ ಖರೀದಿ ಮರದ್ದಲ್ಲ. ಗಾಳಿಯ ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ತಂದು ಹಾಲ್‌ನಲ್ಲಿ ಇಡಿ. ಸಾಧ್ಯವಾದರೆ ಕೆಲವು ತಿಂಗಳು ನೋಡಿ. ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಬರೆದಿಡಿ. ಶೇ. 40 ಮತ್ತು 55ರ ನಡುವೆ ಆಡುತ್ತಿದ್ದರೆ ನಿಶ್ಚಿಂತೆಯಾಗಿ ಅಗಲ ಹಲಗೆಗೆ ಹೋಗಿ. ಶೇ. 25ರಿಂದ 80ರವರೆಗೆ ಓಡಾಡುತ್ತಿದ್ದರೆ ಇಡೀ ಹಲಗೆ ಒಂದೇ ಮರದಿಂದ ಮಾಡಿದ ಸಾಲಿಡ್ ನೆಲದ ಆಸೆ ಬಿಡಿ. ಅಡ್ಡ ಎಳೆಯ ಪದರಗಳ ಮೇಲೆ ಒಳ್ಳೆ ಮರದ ಪದರ ಅಂಟಿಸಿದ ಎಂಜಿನಿಯರ್ಡ್ ಹಲಗೆ ನೋಡಿ. ಅಡ್ಡ ಪದರಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಅದು ತುಂಬಾ ಕಡಿಮೆ ಅಲುಗುತ್ತದೆ. ಹೀಟರ್ ಅಥವಾ ಏಸಿ ಇಡೀ ದಿನ ಓಡುವ ಮನೆಗಳಲ್ಲಿ ಗಾಳಿ ಎಷ್ಟು ಒಣಗಿರುತ್ತದೆ ಅನ್ನುವುದು ಮೀಟರ್ ಇಟ್ಟ ಮೇಲೆಯೇ ಗೊತ್ತಾಗುವುದು.

ಇನ್ನು ಹಾಕುವ ದಿನದ ವಿಷಯ. 'ಮರ ತಂದು ಮನೆಯಲ್ಲಿ ಮೂರು ದಿನ ಇಡಿ, ಹೊಂದಿಕೊಳ್ಳುತ್ತದೆ' ಎನ್ನುವ ಮಾತು ಎಲ್ಲ ಕಡೆ ಇದೆ. ಮರಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಗೋಡೆಯ ಪ್ಲಾಸ್ಟರ್ ಇನ್ನೂ ಹಸಿಯಾಗಿರುವ ಮನೆಯಲ್ಲಿ ಮೂರು ದಿನ ಇಟ್ಟರೆ ಒಣಗಿದ್ದ ಮರ ನೀರು ಕುಡಿದು ಊದಿಕೊಳ್ಳುತ್ತದೆ, ನೀವು ಊದಿದ ಮರವನ್ನೇ ಒತ್ತೊತ್ತಾಗಿ ಜೋಡಿಸುತ್ತೀರಿ, ಮನೆ ಒಣಗಿದ ಮೇಲೆ ಎಲ್ಲ ಕಡೆ ಸಂದು. ಬೇಕಾದದ್ದು ತೇವ ಅಳೆಯುವ ಮೀಟರ್. ಹಲಗೆಯನ್ನೂ ಅಳೆಯಬೇಕು, ಕೆಳಗಿನ ಪ್ಲೈವುಡ್ ನೆಲವನ್ನೂ ಅಳೆಯಬೇಕು. 75 ಮಿ.ಮೀ.ಗಿಂತ ಸಣ್ಣ ಪಟ್ಟಿಯಾದರೆ ಎರಡರ ನಡುವೆ ನಾಲ್ಕು ಅಂಶಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅದಕ್ಕಿಂತ ಅಗಲವಾದರೆ ಎರಡೇ ಅಂಶ. ಕೆಳಗೆ ಕಾಂಕ್ರೀಟ್ ಇದ್ದರೆ ಅದಕ್ಕೆ ಬೇರೆ ಪರೀಕ್ಷೆ ಬೇಕು. ಮೇಲ್ಮೈ ಒಣಗಿ ಬಿಳಿಚಿಕೊಂಡ ಕಾಂಕ್ರೀಟ್‌ನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನೀರು ಇರುತ್ತದೆ. ನೆಲ ಹಾಕುವವರ ಚೀಲದಲ್ಲಿ ಮೀಟರ್ ಇದೆಯಾ ಎಂದು ಕೇಳಿ. 'ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ' ಎಂದವರಿಗೆ ಒಂದು ನಮಸ್ಕಾರ ಹೇಳಿ ಬೇರೆಯವರನ್ನು ಹುಡುಕಿ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ನನ್ನದೇ ಒಂದು ಪೆದ್ದುತನ ಕಾರಣ. ಕೆಲಸಕ್ಕೆ ಹೊಸದಾಗಿ ಸೇರಿದ್ದ ದಿನಗಳು. ಒಂದು ಮನೆಯಲ್ಲಿ ಪೈಪ್ ಸೋರಿ ಹಲಗೆಗಳ ಅಂಚು ಮೇಲೆದ್ದಿತ್ತು, ಪ್ರತಿ ಹಲಗೆಯೂ ದೋಣಿಯ ಹಾಗೆ ನಡುವೆ ತಗ್ಗಾಗಿತ್ತು. ಕಪ್ಪಿಂಗ್ ಅನ್ನುತ್ತಾರೆ. ಕೆಳಗಿನ ಮೈ ನೀರು ಕುಡಿದು ಹಿಗ್ಗಿ, ಮೇಲಿನ ಮೈ ಹಾಗೇ ಉಳಿದರೆ ಹೀಗಾಗುತ್ತದೆ. ಸೋರುವುದು ನಿಂತಿತ್ತು. ಮನೆಯವರಿಗೆ ಅವಸರ, ನನಗೆ ಅವರಿಗಿಂತ ಜಾಸ್ತಿ ಅವಸರ. ವಾರದೊಳಗೆ ಮಷಿನ್ ತಂದು ಎದ್ದ ಅಂಚುಗಳನ್ನೆಲ್ಲ ಉಜ್ಜಿ ಸಮ ಮಾಡಿ ಪಾಲಿಶ್ ಹೊಡೆದೆ. ಗಾಜಿನ ಹಾಗೆ ಕಾಣುತ್ತಿತ್ತು. ನಾಲ್ಕು ತಿಂಗಳಲ್ಲಿ ಕೆಳಗಿನ ಮೈ ಒಣಗಿ ಹಲಗೆಗಳು ಮತ್ತೆ ನೆಟ್ಟಗಾದವು. ಆದರೆ ಅಂಚುಗಳನ್ನು ನಾನು ಉಜ್ಜಿ ತೆಗೆದಿದ್ದೆನಲ್ಲ, ಈಗ ಪ್ರತಿ ಹಲಗೆಯ ನಡುಭಾಗ ಉಬ್ಬಿಕೊಂಡಿತ್ತು. ಸಂಜೆಯ ಬಿಸಿಲು ಕಿಟಕಿಯಿಂದ ಅಡ್ಡ ಬಿದ್ದಾಗ ಇಡೀ ಹಾಲ್ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಅಲೆಅಲೆ. ಮತ್ತೆ ಉಜ್ಜಿಕೊಟ್ಟೆ, ನನ್ನದೇ ಖರ್ಚಿನಲ್ಲಿ. ನಿಮ್ಮ ನೆಲಕ್ಕೆ ಎಂದಾದರೂ ಹೀಗಾದರೆ ಮೊದಲು ನೀರಿನ ಮೂಲ ನಿಲ್ಲಿಸಿ, ಆಮೇಲೆ ಸುಮ್ನೆ ಕಾಯಿರಿ. ಎಷ್ಟೋ ನೆಲಗಳು ತಾವೇ ಮಲಗುತ್ತವೆ. ಮೀಟರ್ ಒಣಗಿದೆ ಎಂದ ಮೇಲೆಯೇ ಮಷಿನ್.

ತಗ್ಗಿನ ವಿಷಯಕ್ಕೆ ಬರೋಣ. 'ಹಾರ್ಡ್‌ವುಡ್' ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಅಗಲ ಎಲೆಯ ಮರಗಳಿಗೆಲ್ಲ ಸಸ್ಯಶಾಸ್ತ್ರದವರು ಇಟ್ಟ ಹೆಸರು ಅದು. ಉಗುರಿನಿಂದ ಒತ್ತಿದರೆ ಗುರುತು ಬೀಳುವ ಬಾಲ್ಸಾ ಕೂಡ ಅವರ ಲೆಕ್ಕದಲ್ಲಿ ಹಾರ್ಡ್‌ವುಡ್ಡೇ. ಗಟ್ಟಿತನ ಬೇಕಿದ್ದರೆ ಜಾಂಕಾ ಅಂಕಿ ನೋಡಬೇಕು. 11.28 ಮಿ.ಮೀ. ದಪ್ಪದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧಕ್ಕೆ ಹುದುಗಿಸಲು ಎಷ್ಟು ಬಲ ಬೇಕು ಎಂದು ಅಳೆಯುತ್ತಾರೆ. ಆ ವಿಚಿತ್ರ ಅಳತೆ ಯಾಕೆ ಅಂದರೆ, ಅಷ್ಟು ಹುದುಗಿದಾಗ ಗುಳಿಯ ಬಾಯಿ ಸರಿಯಾಗಿ ಒಂದು ಚದರ ಸೆಂಟಿಮೀಟರ್ ಆಗುತ್ತದೆ. ಪೌಂಡ್ ಲೆಕ್ಕದಲ್ಲಿ ಅಮೆರಿಕನ್ ವಾಲ್‌ನಟ್ 1010, ರೆಡ್ ಓಕ್ 1290, ವೈಟ್ ಓಕ್ 1360, ಹಾರ್ಡ್ ಮೇಪಲ್ 1450, ಹಿಕರಿ 1820.

1290 ಪೌಂಡ್ ಅಂದರೆ ಸುಮಾರು 585 ಕಿಲೋ. ಅಬ್ಬಾ, ಅಷ್ಟು ಭಾರ ನಮ್ಮನೆಯಲ್ಲಿ ಎಲ್ಲಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಆ ಅಂಕಿ ಐದೂವರೆ ಮಿ.ಮೀ. ಆಳದ ಗುಳಿಗೆ. ನಿಮ್ಮ ಕಣ್ಣಿಗೆ ಚುಚ್ಚಲು ಅರ್ಧ ಮಿ.ಮೀ. ಗುಳಿ ಸಾಕು. ಅದಕ್ಕೆ ಕೈತಪ್ಪಿದ ಒಂದು ಬಾಣಲೆಯ ಅಂಚು, ರಬ್ಬರ್ ಸವೆದು ಮೊಳೆ ಹೊರಬಂದ ಹೈಹೀಲ್, ಸೋಫಾದ ಕಾಲಿನ ಕೆಳಗೆ ಸಿಕ್ಕ ಒಂದು ಕಲ್ಲಿನ ಚೂರು, ಯಾವುದಾದರೂ ಆದೀತು. ಓಕ್ ಬದಲು ಹಿಕರಿ ಹಾಕಿಸಿದರೆ ತಗ್ಗುಗಳ ಸಂಖ್ಯೆ ಕಡಿಮೆಯಾಗುತ್ತದೆ, ಆಳ ಕಡಿಮೆಯಾಗುತ್ತದೆ. ಸೊನ್ನೆ ಆಗುವುದಿಲ್ಲ. ಜಾಂಕಾ ಅಂಕಿ ನೋಡಿ ಮರ ಆರಿಸುವವರಿಗೆ ನಾನು ಹೇಳುವುದು, ವಾಲ್‌ನಟ್ ಮತ್ತು ಓಕ್ ನಡುವೆ ನಿಮಗೆ ಯಾವುದು ಇಷ್ಟವೋ ಅದನ್ನು ತೆಗೆದುಕೊಳ್ಳಿ, ಕುರ್ಚಿಯ ಕಾಲುಗಳಿಗೆ ಫೆಲ್ಟ್ ಅಂಟಿಸುವುದನ್ನು ಮರೆಯಬೇಡಿ.

ಗೀರು ಬೇರೆ, ತಗ್ಗು ಬೇರೆ. ತಗ್ಗು ಮರಕ್ಕೆ ಬೀಳುತ್ತದೆ, ಗೀರು ಮೊದಲು ಪಾಲಿಶ್‌ಗೆ. ಫ್ಯಾಕ್ಟರಿಯಲ್ಲಿ ಹಾಕುವ ಪಾಲಿಶ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಬೆರೆಸುತ್ತಾರೆ. ಗಟ್ಟಿತನದ ಮೋಸ್ ಮಾಪನದಲ್ಲಿ ಅದು 9, ಮರಳಿನ ಕಣ 7. ಅಂಗಡಿಯವರು ಕೀಲಿಕೈ ತೆಗೆದುಕೊಂಡು ಪರಪರ ಕೆರೆದು ತೋರಿಸುವುದು ಈ ಧೈರ್ಯದ ಮೇಲೆ. ಆ ಪುಡಿ ಸವೆತವನ್ನು ತಡೆಯುತ್ತದೆ, ಅಂದರೆ ದಿನವೂ ನಡೆದಾಡಿ ಪಾಲಿಶ್ ತೆಳುವಾಗುವುದನ್ನು. ಪುಡಿಯನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್‌ನಂಥ ಪದರ ಮಾತ್ರ ಮೆತ್ತಗಿನದೇ. ಚಪ್ಪಲಿಯಡಿ ಸಿಕ್ಕ ಮರಳು, ನಾಯಿಯ ಉಗುರು ಅದರ ಮೇಲೆ ಗೆರೆ ಎಳೆಯುತ್ತವೆ. ಇಷ್ಟಕ್ಕೂ ಹಾಗೆ ತುಂಬಾ ಗಟ್ಟಿಯಾದ ಪಾಲಿಶ್‌ಗೆ ಇನ್ನೊಂದು ಮುಖ ಇದೆ: ಒಮ್ಮೆ ಹಾಳಾದರೆ ಅಲ್ಲಲ್ಲೇ ಸರಿಮಾಡುವುದು ಕಷ್ಟ, ಹೊಸ ಕೋಟ್ ಅದರ ಮೇಲೆ ಸುಲಭವಾಗಿ ಹಿಡಿಯುವುದಿಲ್ಲ. ಎಣ್ಣೆ-ಮೇಣದ ಫಿನಿಶ್ ಬೇಗ ಗುರುತು ಹಿಡಿಯುತ್ತದೆ, ಆದರೆ ಆ ಒಂದೇ ಜಾಗಕ್ಕೆ ಬಟ್ಟೆಯಲ್ಲಿ ಸ್ವಲ್ಪ ಎಣ್ಣೆ ಒರೆಸಿ ಮುಚ್ಚಬಹುದು. ತಗ್ಗಿಗೂ ಅದರಲ್ಲಿ ಉಪಾಯವಿದೆ: ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಕ್ಷಣಕಾಲ ತಾಗಿಸಿದರೆ, ನಜ್ಜಿದ ಎಳೆಗಳು ಹಬೆ ಕುಡಿದು ಮೇಲೇಳುತ್ತವೆ. ಕತ್ತರಿಸಿಹೋದ ಎಳೆಗಳು ಏಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಗೀರಿಗೆ ನಿಜವಾದ ಉತ್ತರ ಪಾಲಿಶ್‌ನ ಗಟ್ಟಿತನದಲ್ಲಿಲ್ಲ, ಹೊಳಪಿನಲ್ಲಿದೆ. ನಿಮಗೆ ಇಷ್ಟವಾದ ಆ ಕನ್ನಡಿಯಂಥ ಹೊಳಪು ಇದೆಯಲ್ಲ, ಅದು ಕೂದಲೆಳೆಯಷ್ಟು ಗೀರನ್ನೂ ಬೆಳಕು ಹಾಕಿ ತೋರಿಸುತ್ತದೆ. ಮ್ಯಾಟ್ ಫಿನಿಶ್‌ನಲ್ಲಿ ಅದೇ ಗೀರು ಕಾಣುವುದೇ ಇಲ್ಲ. ಕಡುಬಣ್ಣದ ನೆಲವೂ ಹಾಗೇ, ಧೂಳೂ ಗೀರೂ ಎದ್ದು ಕಾಣುತ್ತವೆ. ತಂತಿ ಬ್ರಷ್ ಆಡಿಸಿ ಎಳೆ ಎಬ್ಬಿಸಿದ, ತಿಳಿಬಣ್ಣದ, ಹೊಳಪಿಲ್ಲದ ಓಕ್ ಹಾಕಿಸಿದವರು ನನಗೆ ಫೋನ್ ಮಾಡುವುದು ಬಹಳ ಅಪರೂಪ.

ಈಗ ಸ್ಯಾಂಪಲ್. ಕೈಯಗಲದ ಒಂದು ತುಂಡು ನೋಡಿ ಇಡೀ ನೆಲ ಹೀಗೇ ಬರುತ್ತದೆ ಅಂದುಕೊಳ್ಳುವುದು ತೀರಾ ಸಾಮಾನ್ಯ. ಒಂದು ಡಬ್ಬಿಯಲ್ಲಿರುವ ಹಲಗೆಗಳು ಬೇರೆ ಬೇರೆ ಮರಗಳಿಂದ ಬಂದಿರುತ್ತವೆ. ಒಂದು ತಿಳಿ, ಒಂದು ಕಡು, ಒಂದರಲ್ಲಿ ಗಂಟು, ಒಂದರಲ್ಲಿ ಖನಿಜದ ಕಪ್ಪು ಗೆರೆ, ಇನ್ನೊಂದರ ಅಂಚಿನಲ್ಲಿ ಚೇಗಿನ ಹೊರಗಿನ ಬಿಳಿ ಭಾಗ. ಇವು ಎಷ್ಟೆಷ್ಟು ಇರಬಹುದು ಅನ್ನುವುದನ್ನು ಗ್ರೇಡ್ ಹೇಳುತ್ತದೆ. ಓಕ್‌ನಲ್ಲಿ ಕ್ಲಿಯರ್ ಅಂದರೆ ಹೆಚ್ಚು ಕಡಿಮೆ ಒಂದೇ ಸಮ, ಸೆಲೆಕ್ಟ್‌ನಲ್ಲಿ ಸ್ವಲ್ಪ ವ್ಯತ್ಯಾಸ, ನಂಬರ್ ಒನ್ ಕಾಮನ್, ನಂಬರ್ ಟೂ ಕಾಮನ್ ಎಂದು ಇಳಿದಂತೆ ಗಂಟು, ಬಣ್ಣದ ಏರುಪೇರು ಜಾಸ್ತಿ, ಹಲಗೆಯ ಉದ್ದವೂ ಕಡಿಮೆ. ಗ್ರೇಡ್ ಅನ್ನುವುದು ರೂಪದ ಲೆಕ್ಕ. ನಂಬರ್ ಟೂ ನೆಲವೂ ಕ್ಲಿಯರ್ ನೆಲದಷ್ಟೇ ವರ್ಷ ಬಾಳುತ್ತದೆ. ನನ್ನ ಮನೆಯಲ್ಲಿ ಇರುವುದು ನಂಬರ್ ಒನ್ ಕಾಮನ್. ಅಡುಗೆಮನೆಯ ಬಾಗಿಲ ಬಳಿ ಒಂದು ಹಲಗೆಯಲ್ಲಿ ಗೂಬೆಯ ಮುಖದಂಥ ಗಂಟು ಇದೆ, ಮಕ್ಕಳು ಅದಕ್ಕೆ ಹೆಸರಿಟ್ಟಿದ್ದಾರೆ.

ಹಾಗಾಗಿ ಸ್ಯಾಂಪಲ್ ಬದಲು ಡಬ್ಬಿ ಬಿಚ್ಚಿಸಿ. ಎರಡು ಮೂರು ಡಬ್ಬಿಯ ಹಲಗೆಗಳನ್ನು ನೆಲದ ಮೇಲೆ ಹರಡಿಸಿ, ನಿಂತು ನೋಡಿ. ಉದ್ದ ಗಮನಿಸಿ. ಚಿತ್ರಗಳಲ್ಲಿ ಆಳೆತ್ತರದ ಹಲಗೆಗಳು ಕಾಣುತ್ತವೆ, ಡಬ್ಬಿಯಲ್ಲಿ ಮೊಳದುದ್ದದ ತುಂಡುಗಳೂ ತುಂಬಿರುತ್ತವೆ. 'ಇದರಲ್ಲಿ ಸರಾಸರಿ ಉದ್ದ ಎಷ್ಟು?' ಎಂದು ಕೇಳಿದರೆ ಮಾರುವವರು ನಿಮ್ಮನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡುತ್ತಾರೆ. ಹೆಸರಿನ ಬಗ್ಗೆಯೂ ಎಚ್ಚರ ಇರಲಿ. 'ಬ್ರೆಜಿಲಿಯನ್ ಟೀಕ್' ಎಂದು ಮಾರುವ ಮರ ಕುಮಾರು, ತೇಗಕ್ಕೂ ಅದಕ್ಕೂ ನಂಟಿಲ್ಲ. 'ಬ್ರೆಜಿಲಿಯನ್ ಚೆರ್ರಿ' ಅನ್ನುವುದು ಜಟೋಬಾ, ಚೆರ್ರಿ ಅಲ್ಲ. ಎರಡೂ ಒಳ್ಳೆ ಗಟ್ಟಿ ಮರಗಳೇ. ಆದರೆ ತೇಗ ಅಂದುಕೊಂಡು ತೇಗದ ಗುಣ ನಿರೀಕ್ಷಿಸಿದರೆ ನಿರಾಸೆ. ಸಸ್ಯಶಾಸ್ತ್ರದ ಹೆಸರನ್ನು ಬಿಲ್‌ನಲ್ಲಿ ಬರೆಸಿಕೊಳ್ಳಿ.

ಎಷ್ಟು ಕೊಳ್ಳಬೇಕು? ಕೋಣೆಯ ಅಳತೆಗೆ ಶೇ. 5ರಿಂದ 10 ಸೇರಿಸಿ. ಓರೆಯಾಗಿ ಅಥವಾ ಹೆರಿಂಗ್‌ಬೋನ್ ಮಾದರಿಯಲ್ಲಿ ಹಾಕಿಸುವುದಾದರೆ ಇನ್ನೂ ಜಾಸ್ತಿ. ಗ್ರೇಡ್ ನಿಯಮಗಳೇ ಸಾಮಾನ್ಯವಾಗಿ ಶೇ. 5ರಷ್ಟು ಹಲಗೆಗಳು ಹೇಳಿದ ದರ್ಜೆಗೆ ಸರಿಯಿಲ್ಲದೇ ಇರಬಹುದು ಎಂದು ಒಪ್ಪುತ್ತವೆ. ಅಂಥವನ್ನು ಬೀರುವಿನ ಕೆಳಗೆ, ಮೂಲೆಗೆ ಕತ್ತರಿಸಿ ಹಾಕಬೇಕು ಇಲ್ಲವೇ ಬದಿಗಿಡಬೇಕು. ಉಳಿದ ಒಂದು ಡಬ್ಬಿಯನ್ನು ವಾಪಸ್ ಕೊಡಬೇಡಿ. ಹತ್ತು ವರ್ಷದ ಮೇಲೆ ಒಂದು ಹಲಗೆ ಬದಲಿಸಬೇಕಾದಾಗ ಅದೇ ನಾಲಿಗೆ-ತೋಡಿನ (ಒಂದು ಹಲಗೆಯ ಅಂಚಿನ ಚಾಚು ಪಕ್ಕದ ಹಲಗೆಯ ತೋಡಿನಲ್ಲಿ ಕೂರುವ ಜೋಡಣೆ) ಅಳತೆ ಮತ್ತೆ ಸಿಗುವ ಭರವಸೆ ಇಲ್ಲ.

ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಓದಿ: ಹಲಗೆಯನ್ನು ಹಾಕಿದರೆ ಅದನ್ನು ಒಪ್ಪಿಕೊಂಡಂತೆ. ಕಣ್ಣಿಗೆ ಕಾಣುವ ದೋಷ ಇರುವ ಹಲಗೆಗೆ ಮೊಳೆ ಹೊಡೆದ ಮೇಲೆ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಆದ್ದರಿಂದ ಹಾಕುವ ದಿನ ಬೆಳಿಗ್ಗೆ ನೀವು ಅಲ್ಲಿರಬೇಕು. ಒಂದೇ ಡಬ್ಬಿ ಮುಗಿಸಿ ಇನ್ನೊಂದು ತೆಗೆಯುವ ಬದಲು, ನಾಲ್ಕೈದು ಡಬ್ಬಿಯಿಂದ ಬೆರೆಸಿ ಹಾಕುವಂತೆ ಹೇಳಿ. ಇಲ್ಲದಿದ್ದರೆ ಹಾಲ್‌ನ ಅರ್ಧ ತಿಳಿ, ಅರ್ಧ ಕಡು ಆಗಿಬಿಡುತ್ತದೆ. ಗೋಡೆಯ ಸುತ್ತ 10ರಿಂದ 20 ಮಿ.ಮೀ. ಜಾಗ ಬಿಟ್ಟಿದ್ದಾರಾ ನೋಡಿ. ಮರ ಹಿಗ್ಗಲು ಆ ಜಾಗ ಬೇಕೇ ಬೇಕು, ಆಮೇಲೆ ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. 'ನೀಟಾಗಿರಲಿ ಅಂತ ಗೋಡೆಗೆ ಒತ್ತಿ ಹಾಕಿದ್ದೀನಿ ಸಾರ್' ಎಂದವರ ನೆಲ ಮಳೆಗಾಲದಲ್ಲಿ ಡೇರೆಯ ಹಾಗೆ ಮೇಲೆದ್ದದ್ದನ್ನು ನೋಡಿದ್ದೇನೆ.

ಬಣ್ಣ ಬದಲಾಗುತ್ತದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಚೆರ್ರಿ ಮತ್ತು ಜಟೋಬಾ ಬೆಳಕಿಗೆ ಕಡುವಾಗುತ್ತವೆ, ವಾಲ್‌ನಟ್ ವರ್ಷಗಳು ಕಳೆದಂತೆ ತಿಳಿಯಾಗುತ್ತದೆ. ಹೊಸ ನೆಲದ ಮೇಲೆ ಮೊದಲ ದಿನವೇ ದೊಡ್ಡ ಕಾರ್ಪೆಟ್ ಹಾಸಿ ಆರು ತಿಂಗಳ ಮೇಲೆ ಎತ್ತಿದರೆ ಅದರ ಕೆಳಗೆ ಬೇರೆ ಬಣ್ಣದ ಚೌಕ ಸಿಗುತ್ತದೆ. ಗಾಬರಿ ಬೇಡ, ಬೆಳಕು ಬಿದ್ದರೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಕಾರ್ಪೆಟ್ ಹಾಸದಿದ್ದರೆ, ಇಲ್ಲವೇ ಆಗಾಗ ಜರುಗಿಸಿದರೆ ಇನ್ನೂ ಒಳ್ಳೆಯದು.

ಸಾಲಿಡ್ ಜೀವಮಾನದ ನೆಲ, ಎಂಜಿನಿಯರ್ಡ್ ನಕಲಿ ಎನ್ನುವ ಮಾತನ್ನು ನಂಬಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಮೇಲಿನ ಮರದ ಪದರ ಎಷ್ಟು ದಪ್ಪ? 19 ಮಿ.ಮೀ. ಸಾಲಿಡ್ ಹಲಗೆಯಲ್ಲೂ ನಿಮಗೆ ಉಪಯೋಗಕ್ಕೆ ಬರುವುದು ನಾಲಿಗೆಯ ಮೇಲಿರುವ ಸುಮಾರು 6 ಮಿ.ಮೀ. ಮಾತ್ರ. ಅದಕ್ಕಿಂತ ಕೆಳಗೆ ಉಜ್ಜಿದರೆ ಮೊಳೆ ಕಾಣುತ್ತದೆ. ಒಂದು ಸಲ ಪೂರ್ತಿ ಸ್ಯಾಂಡಿಂಗ್ ಮಾಡಿದರೆ ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ. ಹಾಗಾಗಿ 4 ಮಿ.ಮೀ. ಪದರದ ಒಳ್ಳೆ ಎಂಜಿನಿಯರ್ಡ್ ಹಲಗೆಯನ್ನು ಎರಡು ಮೂರು ಸಲ ಹೊಸದು ಮಾಡಬಹುದು. 2 ಮಿ.ಮೀ. ಆದರೆ ಒಮ್ಮೆ, ಅದೂ ಪಳಗಿದ ಕೈ ಇದ್ದರೆ. 0.6 ಮಿ.ಮೀ. ಪದರದ್ದನ್ನು ಸ್ಯಾಂಡಿಂಗ್ ಮಾಡುವ ಮಾತೇ ಇಲ್ಲ, ಅದು ಸವೆದ ದಿನ ಕಿತ್ತು ಎಸೆಯಬೇಕು. ಲ್ಯಾಮಿನೇಟ್ ಮತ್ತು ವಿನೈಲ್‌ನಲ್ಲಿ ಮೇಲೆ ಇರುವುದು ಮರದ ಚಿತ್ರ. ಅದರಲ್ಲಿ ತಪ್ಪೇನಿಲ್ಲ, ಮರದ ಬೆಲೆ ಕೊಡದಿದ್ದರೆ ಆಯಿತು.

ವಾರಂಟಿ ಕಾಗದವನ್ನು ಅಂಗಡಿಯಲ್ಲೇ ನಿಂತು ಓದಿ. 25 ವರ್ಷ ಎಂದು ದೊಡ್ಡದಾಗಿ ಬರೆದದ್ದು ಸಾಮಾನ್ಯವಾಗಿ ಒಂದೇ ವಿಷಯಕ್ಕೆ: ಫ್ಯಾಕ್ಟರಿ ಪಾಲಿಶ್ ಪೂರ್ತಿ ಸವೆದು ಬರಿ ಮರ ಕಾಣಬಾರದು. ಗೀರು, ತಗ್ಗು, ಹೊಳಪು ಮಂಕಾಗುವುದು, ನೀರಿನ ಹಾನಿ, ಋತುವಿಗೆ ತಕ್ಕ ಸಂದು, ಬಿಸಿಲಿಗೆ ಬಣ್ಣ ಬದಲಾಗುವುದು, ಇವೆಲ್ಲ ಹೊರಗೆ. ಜೊತೆಗೆ 'ಮನೆಯ ತೇವಾಂಶ ಇಂತಿಷ್ಟರಿಂದ ಇಂತಿಷ್ಟರ ನಡುವೆ ಇರಬೇಕು' ಎಂಬ ಷರತ್ತು ಇರುತ್ತದೆ. ನೀವು ಇಟ್ಟ ಹೈಗ್ರೋಮೀಟರ್‌ನ ಅಂಕಿಗಳು ಆ ಷರತ್ತಿನ ಹೊರಗಿದ್ದರೆ ವಾರಂಟಿ ಮೊದಲ ದಿನವೇ ಮುಗಿದಂತೆ. 'ಗೀರೇ ಬೀಳುವುದಿಲ್ಲ' ಅಂದರಲ್ಲ, ಅದನ್ನೇ ಬರೆದು ಸಹಿ ಹಾಕಿಕೊಡಿ ಎಂದು ಕೇಳಿ ನೋಡಿ. ಮಾತು ಬದಲಾಗುತ್ತದೆ.

ಸಣ್ಣಪುಟ್ಟವು ಇನ್ನೂ ಕೆಲವು ಇವೆ. ಅಲ್ಲೊಂದು ಇಲ್ಲೊಂದು ಹಲಗೆ ಒಣ ದಿನಗಳಲ್ಲಿ ಕಿರ್ ಎನ್ನುವುದು ಸಹಜ. ಫ್ಯಾಕ್ಟರಿ ಫಿನಿಶ್ ಹಲಗೆಗಳ ಅಂಚನ್ನು ಸ್ವಲ್ಪ ಓರೆ ಮಾಡಿರುತ್ತಾರೆ, ಆ ಗೆರೆಗಳಲ್ಲಿ ಧೂಳು ಕೂರುತ್ತದೆ. ಒಂದೇ ಹಾಳೆಯಂಥ ಮೈ ಬೇಕಿದ್ದರೆ ಹಾಕಿದ ಮೇಲೆ ಉಜ್ಜಿ ಪಾಲಿಶ್ ಮಾಡುವ ನೆಲ ತೆಗೆದುಕೊಳ್ಳಿ, ಕೆಲವು ದಿನ ಮನೆ ಬಿಟ್ಟಿರಬೇಕು. ಬಕೆಟ್ ನೀರು ಸುರಿದು ಒರೆಸುವ ಅಭ್ಯಾಸ, ಹಬೆಯ ಮಾಪ್, ಎರಡೂ ಬಿಡಬೇಕು. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಬಚ್ಚಲುಮನೆಗೆ ಮರದ ನೆಲ ಬೇಡ, ಅದಕ್ಕೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಓಕ್ ಮೇಲೆ ಒದ್ದೆ ಕಬ್ಬಿಣದ ಪಾತ್ರೆ ಇಟ್ಟರೆ ಕಪ್ಪು ಕಲೆ ಆಗುತ್ತದೆ. ಮರದೊಳಗಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಹಾಗಾಗುವುದು, ಒರೆಸಿದರೆ ಹೋಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ಸಹಿಸಿಕೊಂಡೇ ಇರಬೇಕಾ? ಖಂಡಿತ ಬೇಡ. ಕಾಲಿಟ್ಟರೆ ನೆಲ ಕೆಳಗೆ ಮೇಲೆ ಆಡುತ್ತಿದ್ದರೆ, ಬರಿಗಾಲಿಗೆ ಹಲಗೆಯ ಅಂಚು ತಾಗಿ ಎಡವುವಂತಿದ್ದರೆ, ಪಾಲಿಶ್ ಸಿಪ್ಪೆಯ ಹಾಗೆ ಸುಲಿದುಬರುತ್ತಿದ್ದರೆ, ಎಂಜಿನಿಯರ್ಡ್ ಹಲಗೆಯ ಮೇಲ್ಪದರ ಬಿಟ್ಟುಕೊಳ್ಳುತ್ತಿದ್ದರೆ, ನೀರು ಚೆಲ್ಲದೆಯೂ ಇಡೀ ಕೋಣೆ ದೋಣಿಯ ಹಾಗೆ ಬಾಗಿದ್ದರೆ, ಅಕ್ಕಪಕ್ಕದ ಸಾಲುಗಳ ಕೊನೆ ಜೋಡಣೆಗಳು ಒಂದೇ ನೇರಕ್ಕೆ ಬಂದು ಮೆಟ್ಟಿಲಿನ ಹಾಗೆ ಕಾಣುತ್ತಿದ್ದರೆ, ಇವು ಯಾವುವೂ ಮರದ ಗುಣವಲ್ಲ. ಇವಕ್ಕೆ ಜಗಳ ಆಡಿ. ಆಡುವ ಮುಂಚೆ ಫೋಟೊ ತೆಗೆದಿಡಿ, ತಾರೀಖಿನ ಜೊತೆ. ನೋಡುವ ರೀತಿಯೊಂದು ನೆನಪಿರಲಿ: ನಿಂತ ಎತ್ತರದಿಂದ, ಮಾಮೂಲಿ ಬೆಳಕಿನಲ್ಲಿ ಕಂಡದ್ದೇ ದೋಷ. ನನ್ನ ಹಾಗೆ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಿದರೆ ಯಾವ ನೆಲವೂ ಪಾಸಾಗುವುದಿಲ್ಲ.

ಮತ್ತೆ ನಿಮ್ಮ ಗೆಳತಿ. ಅವರು ಇವತ್ತೇ ಯಾರನ್ನೂ ಕರೆಸಿ ಸಂದುಗಳಿಗೆ ಪುಟ್ಟಿ ತುಂಬಿಸದಿರಲಿ. ಹಲಗೆ ಹಿಗ್ಗಿದಾಗ ಆ ಪುಟ್ಟಿ ನಜ್ಜುಗುಜ್ಜಾಗಿ ಹೊರಗೆ ಬರುತ್ತದೆ, ಇಲ್ಲವೇ ಹಲಗೆಯ ಅಂಚನ್ನೇ ನಜ್ಜುತ್ತದೆ. ಕೋಣೆಯಲ್ಲಿ ಐದಾರು ಸಂದುಗಳನ್ನು ಆರಿಸಿ, ಪಕ್ಕದಲ್ಲಿ ಒಂದು ಚೂರು ಪೇಂಟರ್ ಟೇಪ್ ಅಂಟಿಸಲಿ. ಹಳೇ ಪ್ಲಾಸ್ಟಿಕ್ ಕಾರ್ಡು ಎಷ್ಟು ಇಳಿಯುತ್ತದೆ, ಒಂದು ಕಾರ್ಡೋ ಎರಡೋ ಎಂದು ಟೇಪ್ ಮೇಲೆ ಬರೆಯಲಿ. ಜೊತೆಗೆ ಅವತ್ತಿನ ತೇವಾಂಶ. ತಿಂಗಳಿಗೊಮ್ಮೆ ಹೀಗೆ, ಒಂದು ವರ್ಷ. ತೇವದ ತಿಂಗಳಲ್ಲಿ ಕಾರ್ಡು ಇಳಿಯದಷ್ಟು ಮುಚ್ಚಿಕೊಂಡರೆ ಬಿಟ್ಟುಬಿಡಲಿ. ಎರಡು ಕಾರ್ಡು ಇಳಿಯುತ್ತಿದ್ದ ಸಂದಿನಲ್ಲಿ ಆಗಲೂ ಎರಡು ಕಾರ್ಡೇ ಇಳಿದರೆ, ಆ ಟೇಪುಗಳ ಫೋಟೊ ಹಿಡಿದುಕೊಂಡು ನೆಲ ಹಾಕಿದವರ ಹತ್ತಿರ ಹೋಗಿ, ಹಾಕಿದ ದಿನ ಅಳೆದ ತೇವದ ಅಂಕಿ ಎಲ್ಲಿದೆ ತೋರಿಸಿ ಎಂದು ಕೇಳಲಿ.